ಈರುಳ್ಳಿ ಮಡಿಗೆ ಸುರಿದ ಮದ್ದು

ಜುಲೈ 25, ಸೋಮವಾರ

ಈ ಪುಸ್ತಕ ಯಾರ ಕೂದಲು ಯಾವ ಹೊತ್ತಿಗೆ ಕತ್ತರಿಸಬೇಕು ಎಂದು ಬರೆದಿಡಲು ಮನೆಯ ಮುಂಭಾಗದ ನನ್ನ ಅಂಗಡಿಗೆ ತಂದದ್ದು. ಇವತ್ತಿನಿಂದ ಇದಕ್ಕೆ ಬೇರೆ ಕೆಲಸ. ಮನದ ಉರಿಯನ್ನು ಎಲ್ಲಿಯಾದರೂ ಕಕ್ಕಿಕೊಳ್ಳಬೇಕಲ್ಲ.

ಅತ್ತೆ ಬಂದಿದ್ದಾರೆ. ಎಂಬತ್ತೆರಡು ವರ್ಷದ ಆರ್ಡಿಸ್ ಹೋದ ವಾರ ತಮ್ಮ ಮನೆಯ ಮೆಟ್ಟಿಲಲ್ಲಿ ಜಾರಿ ಎಡ ಮಣಿಕಟ್ಟು ಮುರಿದುಕೊಂಡರು. ಮೊಣಕೈವರೆಗೆ ಪ್ಲಾಸ್ಟರ್, ಬೆರಳ ತುದಿ ಮಾತ್ರ ಹೊರಗೆ. ಸೆಪ್ಟೆಂಬರ್ ನಡುವಿನವರೆಗೂ ಬಿಚ್ಚುವುದಿಲ್ಲವಂತೆ. ಅವರ ಸಾಮಾನು ತರಲು ನನ್ನ ಗಂಡ ಲೈಲ್ ಟ್ರಕ್ ತೆಗೆದುಕೊಂಡು ಹೋದ. ಕೈಚೀಲದಷ್ಟು ಬಟ್ಟೆ ಬಂತು. ಅದರ ಹಿಂದೆ, ಇಬ್ಬರು ಗಂಡಸರು ಏದುಸಿರು ಬಿಡುತ್ತ ಹೊತ್ತುಕೊಂಡು, ಕೋವಿಯ ತೋಟಾ ತುಂಬುವ ಮೇಜು ಬಂತು.

"ಅವರ ಮಂಚ ಎಲ್ಲಿ?" ಎಂದೆ.

"ಮಂಚಕ್ಕೆ ಜಾಗ ಆಗ್ಲಿಲ್ಲ ಕಣೇ," ಎಂದ ಲೈಲ್, ನನ್ನ ಮುಖ ನೋಡದೆ.

ಆ ಮೇಜು ಈಗ ನಾನು ಬಟ್ಟೆ ಮಡಚುತ್ತಿದ್ದ ಹಿಂದಿನ ಕೋಣೆಯಲ್ಲಿದೆ. ನನ್ನ ಹೊಲಿಗೆ ಯಂತ್ರ ಗ್ಯಾರೇಜಿಗೆ ಹೋಯಿತು. ಕುಂಟನಿಗೆ ಎಂಟು ಚೇಷ್ಟೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಜುಲೈ 28, ಗುರುವಾರ

ಊಟದ ಹೊತ್ತಿಗೆ ವಿಷಯ ಹೊರಬಿತ್ತು. ಸೆಪ್ಟೆಂಬರ್ ಹತ್ತಕ್ಕೆ ನಮ್ಮೂರು ಬ್ರಶ್ ಕ್ರೀಕಿಗೂ ಪಕ್ಕದೂರು ವೆಸ್ಟಾಲಿಗೂ ಗುರಿ ಹೊಡೆಯುವ ಪಂದ್ಯ. ಅತ್ತೆ ಹೋಗಿಯೇ ತೀರುತ್ತಾರಂತೆ. ಕೋವಿ ಮರಳ ಚೀಲದ ಮೇಲಿರುತ್ತದೆ, ಹೊಡೆಯುವವರು ಕುರ್ಚಿಯಲ್ಲಿ. ಟ್ರಿಗರ್ ಎಳೆಯಲು ಬಲಗೈ ಗಟ್ಟಿಮುಟ್ಟಾಗಿದೆ. ತೋಟಾ ತುಂಬುವುದಕ್ಕೆ ಮಾತ್ರ ಎರಡು ಕೈ ಬೇಕು.

ವೆಸ್ಟಾಲಿನ ವೆಂಡಲ್ ಕ್ರೌಸ್ ಎಂಬ ಮುದುಕ ಅತ್ತೆಯನ್ನು ವರ್ಷವೂ ಕೂದಲೆಳೆಯಲ್ಲಿ ಸೋಲಿಸುತ್ತ ಬಂದಿದ್ದಾನೆ. ಈ ಚಳಿಗಾಲಕ್ಕೆ ಮೊಂಟಾನಾ ಬಿಟ್ಟು ಮಗಳಿರುವ ಅರಿಜೋನಾಕ್ಕೆ ಹೊರಟಿದ್ದಾನೆ, ಮನೆಯನ್ನೂ ಮಾರಿಯಾಗಿದೆ. ಅವನನ್ನು ಸೋಲಿಸಲು ಅತ್ತೆಗೆ ಇದೇ ಕೊನೆಯ ಅವಕಾಶ.

"ಅಂಗಡಿಯಿಂದ ಒಂದು ಪೆಟ್ಟಿಗೆ ತೋಟಾ ತಂದ್ರಾಯ್ತು," ಎಂದೆ.

ತಾಯಿ, ಮಗ ಇಬ್ಬರೂ ನಾನು ಸೂಪಿನ ಪಾತ್ರೆಗೆ ಉಗಿದೆನೇನೋ ಎಂಬಂತೆ ನೋಡಿದರು. ಆ ಪಂದ್ಯಕ್ಕೆ ಮನೆಯಲ್ಲಿ ತುಂಬಿದ್ದೇ ಆಗಬೇಕಂತೆ.

"ಹಾಗಾದ್ರೆ ನಿಮ್ಮ ಮಗ ತುಂಬಿ ಕೊಡ್ಲಿ."

"ಇವನಾ? ಇವನು ಗೋಡೆಗೆ ಮೊಳೆ ಹೊಡೆದ್ರೆ ಬೆರಳು ನೀಲಿಯಾಗುತ್ತೆ. ನೀನು ದಿನಾ ಕತ್ತರಿ ಹಿಡಿಯೋಳು ರೊಂಡಾ, ಕೈ ನಡುಗಲ್ಲ. ಬಾಯಿ ಒಂದು ಮುಚ್ಕೊಂಡಿದ್ರೆ ಆಗುತ್ತೆ."

ಹೊಗಳಿದರೋ ಉಗಿದರೋ ಗೊತ್ತಾಗಲಿಲ್ಲ. ಒಪ್ಪಿಕೊಂಡೆ. ಪ್ಲಾಸ್ಟರ್ ಬಿಚ್ಚಿ ಇವರು ತಮ್ಮ ಮನೆ ಸೇರುವವರೆಗೆ ಹೇಗಾದರೂ ದಿನ ದೂಡಬೇಕು.

ಜುಲೈ 31, ಭಾನುವಾರ

ಮೊದಲ ಪಾಠ. ಕಾಫಿ ಲೋಟ ಹಿಡಿದು ಕೋಣೆಗೆ ಹೋದೆ.

"ಅದು ಹೊರಗೆ."

"ಕಾಫಿ ಅತ್ತೆ, ಬೆಂಕಿ ಅಲ್ಲ."

"ಸೀಸ ಮುಟ್ಟಿದ ಕೈಯಲ್ಲಿ ಏನನ್ನೂ ಬಾಯಿಗೆ ಇಡೋ ಹಾಗಿಲ್ಲ. ಫೋನೂ ಹೊರಗೆ. ಆ ರೇಡಿಯೋ ಯಾಕೆ ಕೂಗ್ತಿದೆ? ಕನ್ನಡಕ ಹಾಕ್ಕೋ."

"ನನ್ನ ಕಣ್ಣು ಚೆನ್ನಾಗಿದೆ."

"ಚೆನ್ನಾಗಿರ್ಲಿ ಅಂತಾನೇ ಹಾಕ್ಕೋ ಅಂದಿದ್ದು."

ಕೆಲಸ ಕೇಳಿದರೆ ಸುಲಭ. ಹೊಡೆದು ಖಾಲಿಯಾದ ಹಿತ್ತಾಳೆ ಕೊಳವೆಯನ್ನು ತೊಳೆದು, ಒತ್ತುಯಂತ್ರದಲ್ಲಿ ಹಳೆಯ ಆಕಾರಕ್ಕೆ ತಂದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಒಳಗೆ ಕೋವಿಮದ್ದು ಹಾಕಿ, ಬಾಯಿಗೆ ಗುಂಡು ಒತ್ತಬೇಕು. ಮದ್ದು ಎಷ್ಟು ಎನ್ನುವುದಕ್ಕೆ ಪುಸ್ತಕವಿದೆ. ಮೇಲಿನ ಮಿತಿಯಿಂದ ಎಂದೂ ಶುರು ಮಾಡಬಾರದು. ಕೆಳಗಿನಿಂದ ಹೊರಟು, ಕೋವಿ ಏನು ಹೇಳುತ್ತದೆ ನೋಡುತ್ತ, ಇಷ್ಟಿಷ್ಟೇ ಮೇಲೆ ಹೋಗಬೇಕು. ನಾನು ಕೂದಲಿನ ಬಣ್ಣವನ್ನು ಇಷ್ಟು ವರ್ಷ ಕಣ್ಣಳತೆಯಲ್ಲೇ ಕಲಸಿದವಳು. ಹಾಗೆಂದು ಹೇಳಿದ್ದೇ ತಪ್ಪಾಯಿತು.

"ಬಣ್ಣ ಹೆಚ್ಚಾದ್ರೆ ಗಿರಾಕಿ ಅಳ್ತಾಳೆ," ಎಂದರು. "ಇಲ್ಲಿ ಹೆಚ್ಚಾದ್ರೆ ಅಳೋಕೆ ಮುಖಾನೇ ಇರಲ್ಲ."

ಆಗಸ್ಟ್ 2, ಮಂಗಳವಾರ

ಹಲಗೆಯ ಕುಳಿಗಳಲ್ಲಿ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಮದ್ದು ಹಾಕುತ್ತ ಬಂದೆ. ಮುಕ್ಕಾಲು ಭಾಗ ಮುಗಿದಿತ್ತು. ಬ್ಯಾಂಕಿನ ಶೆರಿಲ್ ತನ್ನ ಹಳೆಯ ಗಂಡನನ್ನೇ ಮತ್ತೆ ಮದುವೆಯಾಗುತ್ತಿರುವ ಸುದ್ದಿ ನಾಲಿಗೆಯ ತುದಿಯಲ್ಲಿತ್ತು. ಹೇಳಿಬಿಟ್ಟೆ.

ಅತ್ತೆ ಶೆರಿಲ್ ಕಥೆಯನ್ನು ಪೂರ್ತಿ ಕೇಳಿದರು. ಎರಡು ಪ್ರಶ್ನೆ ಬೇರೆ ಕೇಳಿದರು. ಆಮೇಲೆ, "ಕೊನೇಲಿ ಯಾವುದಕ್ಕೆ ಹಾಕಿದ್ದೆ?" ಎಂದರು.

ನನಗೆ ಗೊತ್ತಿರಲಿಲ್ಲ.

"ಒಂದಕ್ಕೇ ಎರಡು ಸಲ ಬಿದ್ದಿರ್ಬಹುದು. ಎಲ್ಲಾನೂ ಡಬ್ಬಿಗೆ ಸುರಿ. ಮೊದಲಿಂದ."

"ಟಾರ್ಚ್ ಹಾಕಿ ನೋಡಿದ್ರೆ ಗೊತ್ತಾಗುತ್ತಲ್ಲ ಅತ್ತೆ."

"ಟಾರ್ಚ್ ಹೇಗೂ ಹಾಕ್ಬೇಕು, ಪ್ರತಿಯೊಂದಕ್ಕೂ. ಅದು ಗೊತ್ತಿರೋಳು ಮತ್ತೊಂದು ಸಲ ನೋಡೋಕೆ. ಗೊತ್ತಿಲ್ಲದವಳು ಸುರೀಬೇಕು."

ಸುರಿದೆ. ಮನಸ್ಸಿನಲ್ಲೇ ಏನೆಲ್ಲ ಬೈದೆ ಎಂದು ಇಲ್ಲಿ ಬರೆಯುವುದಿಲ್ಲ, ನಾಳೆ ಅಂಗಡಿಯಲ್ಲಿ ಯಾರಾದರೂ ಓದಿಯಾರು.

ಆಗಸ್ಟ್ 9, ಮಂಗಳವಾರ

ಇವತ್ತು ಗುರಿ ಮೈದಾನಕ್ಕೆ ಹೋದೆವು. ನಾನು ತುಂಬಿದ ತೋಟಾಗಳ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಯಾವ ಮದ್ದು, ಎಷ್ಟು, ಯಾವ ಗುಂಡು, ಯಾವ ತಾರೀಕು, ಎಲ್ಲ ಚೀಟಿಯಲ್ಲಿ ಅಂದವಾಗಿ ಬರೆದು ಅಂಟಿಸಿದ್ದೆ. ಹೆಮ್ಮೆ ಇರಲಿಲ್ಲ ಎಂದರೆ ಸುಳ್ಳು.

ಅತ್ತೆ ಕುರ್ಚಿಯಲ್ಲಿ ಕೂತರು. ಒಂದು ತೋಟಾ ಎತ್ತಿಕೊಂಡರು, ತಿರುಗಿಸಿ ನೋಡಿದರು, ಕೋವಿಯ ಹತ್ತಿರ ತಂದರು. ಆಮೇಲೆ ಮೆಲ್ಲಗೆ ಪೆಟ್ಟಿಗೆಗೆ ವಾಪಸ್ ಇಟ್ಟರು.

"ಇವತ್ತು ಬೇಡ ರೊಂಡಾ."

ಬೇರೆಯವರ ಹಲ್ಲುಜ್ಜುವ ಬ್ರಷ್ಷನ್ನಾದರೂ ಬಾಯಿಗೆ ಹಾಕಿಕೋ, ಬೇರೆಯವರು ತುಂಬಿದ ತೋಟಾವನ್ನು ಕೋವಿಗೆ ಹಾಕಬೇಡ ಎಂದು ಈ ಕಡೆ ಮಾತಿದೆ. ಅದು ನನಗೂ ಗೊತ್ತು. ಆದರೆ ನಾನು ಬೇರೆಯವಳೇ? ಇಪ್ಪತ್ತೆಂಟು ವರ್ಷದಿಂದ ಅವರ ಸೊಸೆ. ಅವರ ಕಣ್ಣ ಮುಂದೆಯೇ ಕೂತು ಒಂದೊಂದನ್ನೂ ತುಂಬಿದ್ದೇನೆ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಬಂದೆ. ಅತ್ತುಬಿಟ್ಟೆ ಕೂಡ, ಅವರಿಗೆ ಕಾಣದ ಹಾಗೆ.

ಆಗಸ್ಟ್ 10, ಬುಧವಾರ

ರಾತ್ರಿಗೆ ನಿನ್ನೆಯ ಸೂಪನ್ನೇ ಬಿಸಿ ಮಾಡಿ ಕೊಟ್ಟೆ.

ಆಗಸ್ಟ್ 14, ಭಾನುವಾರ

ಅತ್ತೆಯೇ ಸೋತು ಬಂದರು. "ಅಷ್ಟನ್ನೂ ಬಿಚ್ಚು, ತೂಗಿ ನೋಡೋಣ," ಎಂದರು. ಮೊದಲು ತಕ್ಕಡಿಯನ್ನು ಗೊತ್ತಿರುವ ತೂಕ ಇಟ್ಟು ಪರೀಕ್ಷಿಸಿದೆ. ಅವರು ಹೇಳುವ ಮೊದಲೇ ಮಾಡಿದೆ, ಹೇಳಿಸಿಕೊಳ್ಳುವ ಗ್ರಹಚಾರ ನನಗೇಕೆ. ಗುಂಡು ಕಿತ್ತು ಪ್ರತಿಯೊಂದರ ಮದ್ದನ್ನೂ ತೂಗಿದೆವು. ಎಲ್ಲವೂ ಒಂದೇ.

"ಎಲ್ಲಾ ಸರಿಯಾಗಿದೆ," ಎಂದರು.

"ಹಾಗಾದ್ರೆ ಹೊಡೀತೀರಾ?"

"ನೋಡೋಣ."

ಇನ್ನೇನು ನೋಡುವುದಿದೆಯೋ ದೇವರೇ ಬಲ್ಲ.

ಆಗಸ್ಟ್ 20, ಶನಿವಾರ

ಬರೆಯಲೇಬೇಕು, ಇಲ್ಲದಿದ್ದರೆ ಲೈಲನ ತಲೆ ಒಡೆಯುತ್ತೇನೆ.

ಮಧ್ಯಾಹ್ನ ಮದ್ದು ಅಳೆಯುವ ಭರಣಿ ತುಂಬಿಕೊಂಡು ಆಗಷ್ಟೇ ಕೂತಿದ್ದೆ. ಮುಂಭಾಗದ ಅಂಗಡಿಯಿಂದ ಕೂಗು ಬಂತು. ನಾಳೆಯ ಮದುಮಗಳು ತಾನೇ ಮುಂಗೂದಲು ಕತ್ತರಿಸಿಕೊಂಡು ಅಳುತ್ತ ಬಂದು ನಿಂತಿದ್ದಳು. ಅವಳನ್ನು ಸಮಾಧಾನ ಮಾಡಿ, ಆದದ್ದನ್ನು ಅಷ್ಟಿಷ್ಟು ಸರಿಪಡಿಸಿ, ಕೈ ತೊಳೆದು ವಾಪಸ್ ಬಂದರೆ ಭರಣಿ ಖಾಲಿ. ಮೇಜಿನ ಮೇಲೆ ಎರಡು ಕಪ್ಪು ಡಬ್ಬಿ. ಒಂದು ಅತ್ತೆಯದು. ಇನ್ನೊಂದು ಲೈಲ್ ತನ್ನ ಜಿಂಕೆ ಬೇಟೆಗೆಂದು ಇಟ್ಟುಕೊಂಡಿದ್ದ ಬೇರೆಯೇ ಜಾತಿಯ ಮದ್ದು.

"ನೀನು ಹೋದ್ಯಲ್ಲ, ಭರಣೀಲಿ ಮದ್ದು ಬಿಡಬಾರದು ಅಂತ ಅಮ್ಮ ಹೇಳ್ತಿರ್ತಾಳೆ," ಎಂದ ಲೈಲ್, ಮುಖ ಬೆಳಗಿಸಿಕೊಂಡು. "ನಾನೇ ಡಬ್ಬಿಗೆ ಸುರಿದೆ."

"ಯಾವ ಡಬ್ಬಿಗೆ?"

"ಕಪ್ಪು ಡಬ್ಬಿಗೆ."

"ಎರಡೂ ಕಪ್ಪೇ ಇದ್ಯಲ್ಲ ಮಾರಾಯ! ನಿನ್ನ ಡಬ್ಬಿ ಇಲ್ಲಿಗ್ಯಾಕೆ ಬಂತು?"

"ಎಷ್ಟು ಉಳಿದಿದೆ ನೋಡೋಣ ಅಂತ ತಂದೆ." ಒಂದು ಡಬ್ಬಿ ನೋಡಿದ, ಇನ್ನೊಂದು ನೋಡಿದ. ಅವನ ಮುಖದ ಬೆಳಕು ಆರಿತು. ಒಳಗಿನ ಕಾಳೂ ಒಂದೇ ತರಹ, ಕರಿ ಎಳ್ಳಿನ ಹಾಗೆ. ಎರಡು ಬೆರೆತಿದ್ದರೆ ಬೇರ್ಪಡಿಸಲು ಬ್ರಹ್ಮನಿಂದಲೂ ಆಗದು.

ಅತ್ತೆ ಕುರ್ಚಿಯಿಂದ, "ಸರಿಯಾದ ಡಬ್ಬಿಗೇ ಹಾಕಿದ. ನಾನು ನೋಡ್ದೆ," ಎಂದರು.

ನನಗೂ ನಂಬುವ ಆಸೆ ಇತ್ತು. ವರ್ಷದಿಂದ ಮದ್ದಿಗೆ ಬರ. ಅತ್ತೆಯ ಕೋವಿಗೆ ಒಗ್ಗುವ ಮದ್ದಂತೂ ಇಡೀ ಕೌಂಟಿಯ ಯಾವ ಅಂಗಡಿಯಲ್ಲೂ ಇಲ್ಲ. ಇದು ಹೋದರೆ ಪಂದ್ಯ ಹೋಯಿತು, ವೆಂಡಲ್ ಗೆದ್ದವನಾಗಿಯೇ ಅರಿಜೋನಾಕ್ಕೆ ಹೋಗುತ್ತಾನೆ.

"ಅತ್ತೆ, ನಿಮ್ಮ ಕನ್ನಡಕ ತಲೆ ಮೇಲಿದೆ," ಎಂದೆ. "ನೀವು ನಿದ್ದೆ ಮಾಡ್ತಿದ್ರಿ."

"ನೋಡ್ದೆ ಅಂತಿದೀನಲ್ಲ! ನನ್ನ ಕೋವಿ, ನನ್ನ ಮುಖ. ನಿನಗೇನು ಕಷ್ಟ?"

"ಪ್ರತ್ಯಕ್ಷವಾಗಿ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ನೀವು ಕಂಡೂ ಇಲ್ಲ."

ಎರಡು ಡಬ್ಬಿಯನ್ನೂ ಎತ್ತಿಕೊಂಡು ಹಿತ್ತಲಿಗೆ ಹೋದೆ. ಅತ್ತೆ ಕೋಲೂರಿಕೊಂಡು ಹಿಂದೆಯೇ ಬಂದರು, ನಾನು ಎಂದೂ ಕೇಳದ ಬೈಗುಳ ಬೈಯುತ್ತ. ಬೇಲಿಯಾಚೆಯ ಪಾದ್ರಿ ಕೈಯಲ್ಲಿದ್ದ ನೀರಿನ ಪೈಪು ಬಿಟ್ಟು ನಿಂತು ನೋಡಿದರು. ಈರುಳ್ಳಿ ಮಡಿಯ ಮೇಲೆ ಎರಡನ್ನೂ ತೆಳ್ಳಗೆ ಹರಡಿ ನೀರು ಬಿಟ್ಟೆ. ಗೊತ್ತಿಲ್ಲದ ಮದ್ದಿಗೆ ಮಣ್ಣೇ ಗತಿ, ಗಿಡಕ್ಕೆ ಗೊಬ್ಬರವಾಗುತ್ತದೆ ಎಂದು ಹೇಳಿಕೊಟ್ಟವರು ಇದೇ ಅತ್ತೆ.

ಸುರಿಯುವಾಗ ನನ್ನ ಕೈ ನಡುಗಲಿಲ್ಲ.

ಆಗಸ್ಟ್ 21, ಭಾನುವಾರ

ಅತ್ತೆ ಕೋಣೆಯಿಂದ ಹೊರಬಂದಿಲ್ಲ. ತಟ್ಟೆಯನ್ನು ಬಾಗಿಲಲ್ಲಿಟ್ಟೆ. ಖಾಲಿಯಾಗಿ ಹೊರಗೆ ಬಂತು, ಅಷ್ಟೇ ಸಂಬಂಧ. ಲೈಲ್ ಗ್ಯಾರೇಜಿನಲ್ಲಿ ವಾಸ. ಅವನ ಡಬ್ಬಿ ಹೋದದ್ದಕ್ಕೆ ಅವನು ಒಂದು ಮಾತೂ ಆಡಿಲ್ಲ, ಬುದ್ಧಿವಂತ.

ಆಗಸ್ಟ್ 23, ಮಂಗಳವಾರ

ಪಾದ್ರಿಯ ಹೆಂಡತಿ ನನ್ನ ಗಿರಾಕಿ, ಅವಳ ತಂಗಿ ಇರುವುದು ವೆಸ್ಟಾಲಿನಲ್ಲಿ. ಹಾಗಾಗಿ ಈರುಳ್ಳಿ ಮಡಿಯ ಸುದ್ದಿ ನನ್ನ ಅಂಗಡಿಯ ಮೂಲಕವೇ ಹೋಗಿದೆ, ದೂರುವಂತಿಲ್ಲ.

ಬೆಳಿಗ್ಗೆ ಹಳೆಯ ಪಿಕಪ್ ಬಂದು ನಿಂತಿತು. ವೆಂಡಲ್ ಕ್ರೌಸ್ ಇಳಿದ. ತೆಳ್ಳಗೆ, ಉದ್ದಕ್ಕೆ, ಟೋಪಿ ಕೈಯಲ್ಲಿ.

"ಈರುಳ್ಳಿ ಎಲ್ಲಿ?" ಎಂದ.

ತೋರಿಸಿದೆ. ಮಡಿಯ ಮುಂದೆ ಚರ್ಚಿನಲ್ಲಿ ನಿಂತ ಹಾಗೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಟ್ರಕ್ಕಿನಿಂದ ಒಂದು ಡಬ್ಬಿ ತಂದು ನನ್ನ ಕೈಗಿಟ್ಟ. ಅತ್ತೆಯ ಮದ್ದೇ. ಸೀಲ್ ಕೂಡ ಒಡೆದಿರಲಿಲ್ಲ.

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದಿದ್ದರು. ಕೂದಲು ಬಾಚಿಕೊಂಡು ಬಂದಿದ್ದರು, ಗಮನಿಸಿದೆ.

"ನಿನ್ನ ಭಿಕ್ಷೆ ಯಾರಿಗೆ ಬೇಕೋ ವೆಂಡಲ್?"

"ಭಿಕ್ಷೆ ಅಲ್ಲ ಆರ್ಡಿಸ್, ಸ್ವಾರ್ಥ. ನಿನ್ನನ್ನ ಇನ್ನೊಂದು ಸಲ ಸೋಲಿಸದೇ ಹೋದ್ರೆ ಅರಿಜೋನಾದ ಬಿಸಿಲು ನನಗೆ ಹಿಡಿಸಲ್ಲ."

"ಸೋತು ಹೋಗ್ತೀಯ. ಆ ಬಿಸಿಲಲ್ಲಿ ಕೂತು ಅಳ್ತಾ ಇರು."

"ಹಾಗೇ ಆಗ್ಲಿ." ಟ್ರಕ್ ಹತ್ತಿ, ಕಿಟಕಿಯಿಂದ ತಲೆ ಹಾಕಿದ. "ನನ್ನ ಮಕ್ಕಳು ಮೂರು ಜನ. ಒಬ್ಬರೂ ಹೀಗೆ ಸುರೀತಿರ್ಲಿಲ್ಲ."

ಅವನು ಹೋದ ಮೇಲೆ ಅತ್ತೆ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಚೀಟಿ ಓದಿದರು. "ಹೊಸ ಡಬ್ಬಿ," ಎಂದರು. ನಾನು, "ಗೊತ್ತು, ಮತ್ತೆ ಕೆಳಗಿಂದಲೇ ಶುರು ಮಾಡ್ಬೇಕು," ಎಂದೆ. ತಲೆಯಾಡಿಸಿದರು.

ಆಗಸ್ಟ್ 28, ಭಾನುವಾರ

ಮೈದಾನ. ಗಾಳಿ ಇರಲಿಲ್ಲ. ಪೆಟ್ಟಿಗೆ ತೆರೆದು ಕೊಟ್ಟೆ. ಅತ್ತೆ ತೋಟಾ ಎತ್ತಿಕೊಂಡರು, ಈ ಸಲ ತಿರುಗಿಸಿ ನೋಡಲಿಲ್ಲ. ನೇರ ಕೋವಿಗೆ ಹಾಕಿ ಅದರ ಚಿಲಕ ಮುಚ್ಚಿದರು.

ಉಸಿರು ಬಿಟ್ಟದ್ದು ನಾನು. ಹೊಡೆದದ್ದು ಅವರು.

ಐದು ಹೊಡೆದು ನೋಡಿದೆವು. ಐದೂ ಒಂದು ನಾಣ್ಯದ ಅಗಲದಲ್ಲಿ. ಖಾಲಿ ಕೊಳವೆಗಳನ್ನು ಬಿಸಿಲಿಗೆ ಹಿಡಿದು ಮದ್ದು ಹೆಚ್ಚಾದ ಒತ್ತಡದ ಗುರುತೇನಾದರೂ ಇದೆಯೇ ಎಂದು ಒಂದೊಂದಾಗಿ ನೋಡಿದೆ, ಇರಲಿಲ್ಲ. "ಇನ್ನೂ ಸ್ವಲ್ಪ ಮೇಲೆ ಹೋಗೋಣ್ವಾ?" ಎಂದರು ಅತ್ತೆ. "ಇಷ್ಟು ಚೆನ್ನಾಗಿ ಹೊಡೀತಿರುವಾಗ ದುರಾಸೆ ಯಾಕೆ? ಬೇಡ," ಎಂದೆ. ಗದರಿಬಿಟ್ಟೆನೇನೋ. ಅವರು ಕೋವಿ ಒರೆಸತೊಡಗಿದರು.

ಸೆಪ್ಟೆಂಬರ್ 3, ಶನಿವಾರ

ಶೆರಿಲ್ ಬಂದಿದ್ದಳು, ಮದುವೆಗೆ ಬಣ್ಣ ಹಾಕಿಸಿಕೊಳ್ಳಲು. ನಾನು ತಕ್ಕಡಿಯಲ್ಲಿ ಬಣ್ಣ ತೂಗುತ್ತಿರುವಾಗ ಮಾತಾಡಿಸಿದಳು. ಬಟ್ಟಲನ್ನು ತೊಟ್ಟಿಗೆ ಸುರಿದು ಮೊದಲಿನಿಂದ ಕಲಸಿದೆ. "ಅಂಗಡಿ ರೇಡಿಯೋ ಏನಾಯ್ತೇ? ನಿನಗೇನಾಯ್ತು? ಮೈ ಹುಷಾರಿಲ್ವಾ?" ಎಂದಳು.

ನನಗೇನೂ ಆಗಿಲ್ಲ. ಎರಡನೇ ಸಲ ಮದುವೆ ಎಂದರೆ ಹೆಂಗಸರಿಗೆ ತಲೆ ಕೆಡುತ್ತದೆ.

ಸೆಪ್ಟೆಂಬರ್ 9, ಶುಕ್ರವಾರ

ಪಂದ್ಯದ ತೋಟಾ ಎಲ್ಲ ಸಿದ್ಧ. ಸಂಜೆ ಲೈಲ್ ನನ್ನ ಮೇಜಿನ ಕೋಣೆಯ ಹೊಸ್ತಿಲಲ್ಲಿ ನಿಂತು, ಒಳಗೆ ಬರಬಹುದೇ ಎಂದು ಸನ್ನೆಯಲ್ಲೇ ಕೇಳಿದ. ಬೇಡ ಎಂದು ನಾನೂ ಸನ್ನೆಯಲ್ಲೇ ಹೇಳಿದೆ. ಅತ್ತೆ ಮುಸಿಮುಸಿ ನಕ್ಕರು.

ಸೆಪ್ಟೆಂಬರ್ 10, ಶನಿವಾರ

ಕೈ ತೊಳೆದು ಕೂತಿದ್ದೇನೆ. ಎಲ್ಲಿಂದ ಶುರು ಮಾಡಲಿ!

ಎರಡೂ ಊರು ಅಲ್ಲಿತ್ತು. ಇಪ್ಪತ್ತು ಗುಂಡಿನ ಪಂದ್ಯ, ಮುನ್ನೂರು ಗಜ ದೂರ. ಗಾಳಿ ಹುಲ್ಲನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಮಲಗಿಸುತ್ತಿತ್ತು. ಚೆನ್ನಾಗಿ ಹೊಡೆಯುವವರೆಲ್ಲ ಒಬ್ಬೊಬ್ಬರಾಗಿ ಉದುರಿಹೋದರು. ಅತ್ತೆ ಕುರ್ಚಿಯಲ್ಲಿ ಕಲ್ಲಿನ ಹಾಗೆ ಕೂತು, ಗಾಳಿ ನಿಂತಾಗ ಮಾತ್ರ ಹೊಡೆಯುತ್ತಿದ್ದರು. ಪ್ಲಾಸ್ಟರಿನಿಂದ ಹೊರಗಿದ್ದ ಬೆರಳ ತುದಿಗಳು ಮರಳ ಚೀಲವನ್ನು ಹಿಂಡುತ್ತಿದ್ದವು. ಪ್ರತಿ ಸದ್ದೂ ಒಂದೇ ತರಹ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಆ ಸದ್ದು ನನ್ನದು ಎಂದು ನನಗೆ ಮೈ ಜುಮ್ಮೆನ್ನುತ್ತಿತ್ತು.

ಲೆಕ್ಕ ಹಾಕಿದರು. ಅತ್ತೆ ಮತ್ತು ವೆಂಡಲ್ ಸಮ.

ಹೀಗಾದರೆ ಇನ್ನೈದು ಹೊಡೆದು ತೀರ್ಮಾನ. ವೆಂಡಲ್ ತನ್ನ ಪೆಟ್ಟಿಗೆಯನ್ನು ಮಗುಚಿ ತೋರಿಸಿದ, ಖಾಲಿ. ಅವನ ಹೆಂಡತಿ ಡಾರ್ಲೀನ್ ನನ್ನ ಕಿವಿಯಲ್ಲಿ, "ತನ್ನ ಹತ್ರ ಇದ್ದ ಹೊಸ ಡಬ್ಬಿ ನಿಮಗೆ ಕೊಟ್ಟ. ಹಳೇ ಡಬ್ಬಿಯ ತಳದಲ್ಲಿ ಇದ್ದಿದ್ದೇ ಇಷ್ಟು," ಎಂದಳು.

"ಹಾಗಾದ್ರೆ ಆರ್ಡಿಸ್ ಗೆದ್ದ ಹಾಗೆ," ಎಂದರು ಲೆಕ್ಕದವರು.

"ಹೀಗೆ ಗೆಲ್ಲೋಕೆ ನಾನು ಮನೇಲೇ ಇರ್ತಿದ್ದೆ," ಎಂದರು ಅತ್ತೆ. "ರೊಂಡಾ, ಇವನಿಗೆ ಐದು ಕೊಡು. ಇಬ್ಬರದೂ ಒಂದೇ ಅಳತೆ ಕೋವಿ."

ಎಲ್ಲರೂ ನನ್ನನ್ನೇ ನೋಡಿದರು. ವೆಂಡಲ್ ಬೇರೆಯವರು ತುಂಬಿದ್ದನ್ನು ಜನ್ಮದಲ್ಲಿ ಹೊಡೆದವನಲ್ಲ. ಅವನು ಕೈ ಚಾಚಿದ.

"ಕೊಡಲ್ಲ," ಎಂದೆ.

ಪೆಟ್ಟಿಗೆಯ ಮುಚ್ಚಳ ಹಾಕಿದೆ.

"ಇವು ಅತ್ತೆಯ ಕೋವಿಗೆ ಅಂತ ಕೆಳಗಿಂದ ಹೊಂದಿಸ್ಕೊಂಡು ಬಂದದ್ದು. ನಿಮ್ಮ ಕೋವಿ ಇವನ್ನ ಹೇಗೆ ತಗೊಳ್ಳುತ್ತೋ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನ ಕೊಡಲ್ಲ. ಇವೇ ಬೇಕಿದ್ರೆ ಅತ್ತೆಯ ಕೋವಿ ಹಿಂದೆ ಬಂದು ಕೂತ್ಕೊಳ್ಳಿ."

ವೆಂಡಲ್ ಅತ್ತೆಯನ್ನು ನೋಡಿದ. ಅತ್ತೆ ಎದ್ದು ಕುರ್ಚಿ ಬಿಟ್ಟರು. ಅವನು ಟೋಪಿ ತೆಗೆದಿಟ್ಟು ಕೂತ.

"ಒಂದೇ ಮಾತು," ಎಂದ ನನಗೆ. "ತುಂಬಿದ್ದು ನೀನೋ, ಅವಳೋ?"

"ನಾನೇ."

"ಸರಿ ಹಾಗಾದ್ರೆ." ನಾನು ಕೊಟ್ಟದ್ದನ್ನು ಕೋವಿಗೆ ಹಾಕಿದ.

ಐದು ಹೊಡೆದ. ಚೆನ್ನಾಗಿಯೇ ಹೊಡೆದ. ಆಮೇಲೆ ಅತ್ತೆ ಅದೇ ಕುರ್ಚಿಯಲ್ಲಿ ಕೂತು ಐದು ಹೊಡೆದರು. ಕೊನೆಯದಕ್ಕೆ ಗಾಳಿ ನಿಲ್ಲಲೇ ಇಲ್ಲ. ಕಾದರು, ಕಾದರು, ಎಲ್ಲರ ಸಹನೆ ಮುಗಿಯುವಷ್ಟು ಕಾದು ಹೊಡೆದರು.

ಗುರಿ ಹಲಗೆ ತಂದರು. ಅತ್ತೆಗೆ ಒಂದು ಅಂಕ ಹೆಚ್ಚು.

ಬ್ರಶ್ ಕ್ರೀಕಿನವರು ಎಬ್ಬಿಸಿದ ಗದ್ದಲಕ್ಕೆ ವೆಸ್ಟಾಲಿನ ಹಸುಗಳೂ ಬೆದರಿರಬೇಕು. ಲೈಲ್ ತಾಯಿಯನ್ನು ಕುರ್ಚಿ ಸಮೇತ ಎತ್ತಿದ. ಪಾದ್ರಿ ಶಿಳ್ಳೆ ಹೊಡೆದರು. ನಾನು ಯಾರನ್ನೋ ತಬ್ಬಿಕೊಂಡೆ, ನೋಡಿದರೆ ಡಾರ್ಲೀನ್.

ವೆಂಡಲ್ ಬಂದು ನನ್ನ ಕೈ ಕುಲುಕಿದ. "ಸೋತದ್ದಕ್ಕೆ ತೋಟಾನ ಬಯ್ಯೋಣ ಅಂದ್ರೆ ಅದಕ್ಕೂ ಜಾಗ ಇಡ್ಲಿಲ್ವಲ್ಲ ಮಾರಾಯ್ತಿ," ಎಂದ. ಆಮೇಲೆ ಅತ್ತೆಯ ಮುಂದೆ ನಿಂತ. ಅತ್ತೆ ಅವನ ಕಾಲರ್ ಸರಿ ಮಾಡಿದರು.

ಗೆದ್ದವರ ಹೆಸರನ್ನು ಹಳೆಯ ಹಾಲಿನ ಕ್ಯಾನಿನ ಮೇಲೆ ಬಣ್ಣದಲ್ಲಿ ಬರೆಯುವುದು ಪದ್ಧತಿ. ಬರೆಯುವವನು ಕುಂಚ ಅದ್ದಿಕೊಂಡು ಬಗ್ಗಿದ. ಅತ್ತೆ ಅವನ ಕೈ ಹಿಡಿದರು.

"ಎರಡು ಹೆಸರು ಬರಿ. ನನ್ನದು, ನನ್ನ ಸೊಸೇದು."

"ಇಲ್ಲಿ ಹೊಡೆದವರ ಹೆಸರು ಮಾತ್ರ ಆರ್ಡಿಸ್."

"ಇಷ್ಟು ವರ್ಷ ಹೊಡೆದೋರೂ ತುಂಬಿದೋರೂ ಒಬ್ಬ್ರೇ ಆಗಿದ್ರು, ಅದಕ್ಕೆ ಒಂದೇ ಸಾಕಾಗ್ತಿತ್ತು. ಬರಿ."

ಅವನು ಆರ್ಡಿಸ್ ಎಂದು ಶುರು ಮಾಡಲು ಹೊರಟ.

"ತಡಿ," ಎಂದರು ಅತ್ತೆ. "ಮೊದಲು ಅವಳ ಹೆಸರು. ತುಂಬಿದ ಮೇಲೆ ಅಲ್ವೇನೋ ಹೊಡೆಯೋದು?"